ಕಾವಲು ಕಣಗಳೂ ಕ್ಯಾನ್ಸರ್ ಕಣಗಳೂ

ಕಳೆದ ಜೂನ್ ತಿಂಗಳಲ್ಲಿ ಶಾಲೆ ತೆರೆದ ಎರಡನೆಯ ವಾರ. ಹೊರಗೆ ಮಳೆ ಜೋರಾಗಿ ಹೊಯ್ಯುತ್ತಿತ್ತು. ಒಂಬತ್ತನೆಯ ತರಗತಿಯಲ್ಲಿ ಕನ್ನಡ ಪಾಠ ಮುಗಿದು ಇನ್ನೂ ಹತ್ತು ನಿಮಿಷ ಉಳಿದಿದ್ದುದರಿಂದ, ಯಾರಿಗಾದರೂ ಏನಾದರೂ ಕೇಳುವುದಿದೆಯೇ ಎಂದೆವು. ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದು ನಿಂತನು.

"ಮಾಸ್ತರೇ, ರಕ್ತದ ಬಿಳಿಕಣಗಳು ದೇಹದ ಕಾವಲುಗಾರರು ಎಂದು ವಿಜ್ಞಾನದ ಪುಸ್ತಕದಲ್ಲಿದೆ. ನಮ್ಮ ಅಜ್ಜಿ ಈ ಬೇಸಿಗೆಯಲ್ಲಿ ಬಾಯಿಯ ಕ್ಯಾನ್ಸರಿನಿಂದ ತೀರಿಕೊಂಡರು. ಆಗ ಆ ಕಾವಲುಗಾರರು ಏನು ಮಾಡುತ್ತಿದ್ದರು?"

ತರಗತಿ ಸುಮ್ಮನಾಯಿತು. ನಾವು ಕನ್ನಡದ ಅಧ್ಯಾಪಕರು; ಈ ಪ್ರಶ್ನೆಗೆ ಉತ್ತರ ನಮ್ಮಲ್ಲಿರಲಿಲ್ಲ. ತಿಳಿದುಕೊಂಡು ಹೇಳುವೆವೆಂದು ಮಾತು ಕೊಟ್ಟೆವು. ಆ ಬಳಿಕ ವಿಜ್ಞಾನದ ಅಧ್ಯಾಪಕ ಮಿತ್ರರೊಡನೆ ಹಲವು ಸಂಜೆ ಕುಳಿತು ಓದಿದೆವು. ಹುಡುಗನಿಗೆ ಬಾಯಿಮಾತಿನಲ್ಲಿ ಹೇಳಿದುದನ್ನು ಅವನ ಮನೆಯವರ ಒಪ್ಪಿಗೆ ಪಡೆದು ಇಲ್ಲಿ ಎಲ್ಲ ವಿದ್ಯಾರ್ಥಿಗಳಿಗೂ ಹೆತ್ತವರಿಗೂ ಬರೆಯುತ್ತಿದ್ದೇವೆ.

ಹೆಸರಿನ ಮಾತು

ಮೊದಲು ರೋಗದ ಹೆಸರನ್ನೇ ನೋಡೋಣ. ನಮ್ಮ ಮನೆಗಳಲ್ಲಿ ಈ ಹೆಸರನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. "ಆ ಕಾಯಿಲೆ", "ದೊಡ್ಡ ರೋಗ" ಎಂದು ತಗ್ಗಿದ ಧ್ವನಿಯಲ್ಲಿ ಹೇಳಿ ಮಾತು ಬದಲಿಸುತ್ತಾರೆ. ಕ್ಯಾನ್ಸರ್ ಎಂಬ ಲ್ಯಾಟಿನ್ ಪದಕ್ಕೆ ಏಡಿ ಎಂದೇ ಅರ್ಥ. ಇದನ್ನನುಸರಿಸಿ ಕನ್ನಡದಲ್ಲಿ ಏಡಿಗಂತಿ ಎಂಬ ಪದವೂ ಹುಟ್ಟಿದೆ. ನಮ್ಮ ಕಾಸರಗೋಡಿನಲ್ಲಿ ಕನ್ನಡದವರಿಗೂ ಮಲೆಯಾಳದವರಿಗೂ ತಿಳಿಯುವ ಪದ ಅರ್ಬುದ. ಸಂಸ್ಕೃತದಲ್ಲಿ ಅರ್ಬುದ ಎಂದರೆ ಗಂತಿ. ಕೋಟಿಗಳನ್ನೆಣಿಸುವ ಒಂದು ದೊಡ್ಡ ಸಂಖ್ಯೆಗೂ ಅದೇ ಹೆಸರು. ಈ ರೋಗಕ್ಕೆ ಎರಡು ಅರ್ಥಗಳೂ ಒಪ್ಪುತ್ತವೆ. ದಾರಿ ತಪ್ಪಿದ ಒಂದು ಜೀವಕೋಶ ಎರಡಾಗಿ, ನಾಲ್ಕಾಗಿ, ಎಂಟಾಗಿ ಬೆಳೆಯುತ್ತ ಹೋಗಿ, ಗೋಲಿಯಷ್ಟು ದೊಡ್ಡ ಗಂತಿಯಾಗುವ ಹೊತ್ತಿಗೆ ಅದರಲ್ಲಿ ಹತ್ತಾರು ಕೋಟಿ ಜೀವಕೋಶಗಳಿರುತ್ತವೆ.

ಇಲ್ಲಿ ನೆನಪಿಡಬೇಕಾದ ಮಾತೊಂದಿದೆ. ಕಾಲರಾ, ಕ್ಷಯ ಮೊದಲಾದ ರೋಗಗಳನ್ನು ತರುವ ಜೀವಾಣುಗಳು ಹೊರಗಿನಿಂದ ಬಂದ ವೈರಿಗಳು. ಕ್ಯಾನ್ಸರ್ ಕಣವಾದರೋ ನಮ್ಮದೇ ದೇಹದಲ್ಲಿ ಹುಟ್ಟಿದ ಕಣ. ಮನೆಯ ಮಗನೇ ಕಳ್ಳನಾದರೆ ಕಾವಲುಗಾರನು ಅವನನ್ನು ಗುರುತಿಸುವುದು ಹೇಗೆ? ಈ ಪಾಠದ ಮುಖ್ಯ ಪ್ರಶ್ನೆ ಇದೇ.

ಹಣ್ಣೆಲೆ ಉದುರುವ ಬಗೆ

ಜೀವಕೋಶಗಳು ಸಾಯುವುದರಲ್ಲಿ ಹಲವು ಬಗೆಗಳಿವೆ. ಅವುಗಳಲ್ಲಿ ಎರಡನ್ನು ತಿಳಿದರೆ ಸಾಕು. ಕೈಗೆ ಬಿಸಿನೀರು ಚೆಲ್ಲಿದಾಗ ಅಲ್ಲಿಯ ಕಣಗಳು ಒಡೆದು, ಒಳಗಿನ ರಸ ಹೊರಚೆಲ್ಲಿ, ಸುತ್ತಲೂ ಕೆಂಪಾಗಿ ಬಾತುಕೊಳ್ಳುತ್ತದೆ. ಇದು ಅಪಘಾತದ ಸಾವು. ಎರಡನೆಯದು ಕ್ರಮಬದ್ಧವಾದ ಸಾವು. ಇದರಲ್ಲಿ ಕಣವು ತನ್ನನ್ನು ತಾನೇ ಕಳಚಿಕೊಳ್ಳುತ್ತದೆ: ಕುಗ್ಗುತ್ತದೆ, ಒಳಗಿನ ವಂಶವಾಹಿ ಎಳೆಗಳನ್ನು ತುಂಡರಿಸುತ್ತದೆ, ಪೊರೆಯಿಂದ ಸುತ್ತಿದ ಸಣ್ಣ ಸಣ್ಣ ಪೊಟ್ಟಣಗಳಾಗಿ ಬಿಡಿಯಾಗುತ್ತದೆ. ನೆರೆಯ ಕಣಗಳು ಆ ಪೊಟ್ಟಣಗಳನ್ನು ನುಂಗಿಬಿಡುತ್ತವೆ. ಬಾವಿಲ್ಲ, ನೋವಿಲ್ಲ, ಗುರುತೂ ಇಲ್ಲ.

1972ರಲ್ಲಿ ಜಾನ್ ಕೆರ್, ಆಂಡ್ರೂ ವೈಲಿ, ಅಲಸ್ಟೇರ್ ಕರಿ ಎಂಬ ಮೂವರು ವೈದ್ಯ ವಿಜ್ಞಾನಿಗಳು ಈ ಎರಡನೆಯ ಸಾವಿಗೆ ಅಪೊಪ್ಟೋಸಿಸ್ ಎಂದು ಹೆಸರಿಟ್ಟರು. ಅವರು ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾನಿಲಯದಲ್ಲಿ ಒಟ್ಟಿಗೆ ದುಡಿದವರು. ಪದವನ್ನು ಸೂಚಿಸಿದವರು ಅದೇ ವಿಶ್ವವಿದ್ಯಾನಿಲಯದ ಗ್ರೀಕ್ ಭಾಷೆಯ ಪ್ರಾಧ್ಯಾಪಕರು. ಗ್ರೀಕ್ ಭಾಷೆಯಲ್ಲಿ ಅದಕ್ಕೆ ಮರದ ಎಲೆಗಳು, ಹೂವಿನ ದಳಗಳು ಉದುರುವುದು ಎಂದು ಅರ್ಥ. ಭಾಷೆಯ ಅಧ್ಯಾಪಕರಾದ ನಮಗೆ ಇದನ್ನೋದಿ ಸಂತೋಷವಾಯಿತು. ಹಣ್ಣೆಲೆ ಉದುರುವಾಗ ಚಿಗುರೆಲೆ ನಕ್ಕಿತಂತೆ ಎಂಬ ಗಾದೆ ನಮ್ಮಲ್ಲಿಯೂ ಇದೆಯಷ್ಟೆ! ಎಲೆ ಹರಿದು ಬೀಳುವುದು ಬೇರೆ, ಹಣ್ಣಾಗಿ ತೊಟ್ಟು ಕಳಚಿ ಬೀಳುವುದು ಬೇರೆ.

ಇಂತಹ ಸಾವು ನಮ್ಮೊಳಗೆ ದಿನವೂ ನಡೆಯುತ್ತಿದೆ. ದೊಡ್ಡವರ ದೇಹದಲ್ಲಿ ದಿನಕ್ಕೆ ಸುಮಾರು 5000 ಕೋಟಿ ಜೀವಕೋಶಗಳು ಹೀಗೆ ಉದುರಿ ಹೊಸವು ಹುಟ್ಟುತ್ತವೆಂದು ಅಂದಾಜು. ಗೊದಮೊಟ್ಟೆಯ ಬಾಲ ಕರಗಿ ಕಪ್ಪೆಯಾಗುವುದು ಇದರಿಂದಲೇ. ತಾಯಿಯ ಗರ್ಭದಲ್ಲಿ ನಮ್ಮ ಕೈ ಮೊದಲು ಸೌಟಿನಂತಿರುತ್ತದೆ. ಬೆರಳುಗಳ ನಡುವಿನ ಕಣಗಳು ಸತ್ತ ಮೇಲೆ ಐದು ಬೆರಳುಗಳು ಬೇರೆಬೇರೆಯಾಗುತ್ತವೆ. ಒಂದು ಮಿಲಿಮೀಟರಿನಷ್ಟೇ ಉದ್ದದ ಒಂದು ಹುಳುವಿನಲ್ಲಿ, ಬೆಳವಣಿಗೆಯ ಕಾಲದಲ್ಲಿ ಹುಟ್ಟುವ 1090 ದೇಹಕಣಗಳಲ್ಲಿ ಸರಿಯಾಗಿ 131 ಕಣಗಳು ಸಾಯುತ್ತವೆ. ಆ ಹುಳುವನ್ನು ಅಭ್ಯಸಿಸಿ ಈ ಸಾವನ್ನು ನಡೆಸುವ ವಂಶವಾಹಿಗಳನ್ನು ಕಂಡುಹಿಡಿದುದಕ್ಕೆ ಬ್ರೆನ್ನರ್, ಹಾರ್ವಿಟ್ಸ್, ಸಲ್ಸ್ಟನ್ ಎಂಬ ಮೂವರಿಗೆ 2002ರ ನೊಬೆಲ್ ಪಾರಿತೋಷಕ ದೊರೆಯಿತು.

ಅಂದರೆ, ತನ್ನನ್ನು ಕಳಚಿಕೊಳ್ಳುವ ಸಲಕರಣೆ ಪ್ರತಿಯೊಂದು ಜೀವಕೋಶದ ಒಳಗೆ ಮೊದಲಿನಿಂದಲೇ ಇದೆ. ಕ್ಯಾನ್ಸರ್ ಕಣವೆಂದರೆ ಹಣ್ಣಾದರೂ ಉದುರಲೊಲ್ಲದ ಎಲೆ. ಅದರೊಳಗಿನ ಸಲಕರಣೆಯನ್ನು ಎಚ್ಚರಿಸಿ ಉದುರುವಂತೆ ಮಾಡುವುದೇ ಕಾವಲು ಕಣದ ಕೆಲಸ.

ಜಗಲಿಯ ಮೇಲಿನ ತುಣುಕು

ಎಚ್ಚರಿಸುವ ಮೊದಲು ಗುರುತಿಸಬೇಕಲ್ಲವೇ? ಇದಕ್ಕೆ ಪ್ರಕೃತಿ ಒಂದು ಏರ್ಪಾಡು ಮಾಡಿದೆ. ಪ್ರತಿಯೊಂದು ಜೀವಕೋಶವನ್ನೂ ಜಗಲಿಯಿರುವ ಒಂದು ಮನೆಯೆಂದು ಭಾವಿಸಿರಿ. ಮನೆಯ ಅಡುಗೆಕೋಣೆಯಲ್ಲಿ ಬೇಯುವ ಪದಾರ್ಥಗಳೇ ಪ್ರೋಟೀನುಗಳು. ಈ ಮನೆಯವರಿಗೆ ಒಂದು ಕಟ್ಟಳೆಯಿದೆ: ಒಳಗೆ ಬೇಯಿಸಿದುದರ ಸಣ್ಣ ತುಣುಕುಗಳನ್ನು ತಟ್ಟೆಯಲ್ಲಿಟ್ಟು ಜಗಲಿಯಲ್ಲಿ ತೋರಿಸುತ್ತಿರಬೇಕು. ಈ ತಟ್ಟೆಗೆ ವಿಜ್ಞಾನಿಗಳು ಎಂ.ಎಚ್.ಸಿ. ಎನ್ನುತ್ತಾರೆ. ದಾರಿಯಲ್ಲಿ ಹೋಗುವ ಕಾವಲುಗಾರನು ಒಳಗೆ ನುಗ್ಗಬೇಕಾಗಿಲ್ಲ; ತಟ್ಟೆಯನ್ನು ನೋಡಿದರೆ ಒಳಗಿನ ಸಮಾಚಾರ ತಿಳಿಯುತ್ತದೆ. ಕಾವಲು ಕಣವು ಈ ತಟ್ಟೆಯನ್ನೂ ಅದರಲ್ಲಿರುವ ತುಣುಕನ್ನೂ ಒಟ್ಟಾಗಿ ನೋಡಿಯೇ ಗುರುತಿಸುತ್ತದೆಂಬುದನ್ನು 1974ರಲ್ಲಿ ಆಸ್ಟ್ರೇಲಿಯದ ಕ್ಯಾನ್ಬೆರಾದಲ್ಲಿ ಪೀಟರ್ ಡೊಹರ್ಟಿ, ರಾಲ್ಫ್ ಝಿಂಕರ್ನಾಗೆಲ್ ಎಂಬವರು ತೋರಿಸಿಕೊಟ್ಟರು. 1996ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು.

ಹೀಗೆ ಜಗಲಿಯಿಂದ ಜಗಲಿಗೆ ನೋಡುತ್ತ ಹೋಗುವವು ಕೊಲ್ಲುವ ಟಿ ಕಣಗಳು. ಇವು ಎಲುಬಿನ ಮಜ್ಜೆಯಲ್ಲಿ ಹುಟ್ಟಿ, ಎದೆಯೆಲುಬಿನ ಹಿಂದಿರುವ ಥೈಮಸ್ ಎಂಬ ಗ್ರಂಥಿಯಲ್ಲಿ ಶಿಕ್ಷಣ ಪಡೆಯುತ್ತವೆ. ಅಲ್ಲಿಯ ಪರೀಕ್ಷೆ ಬಹಳ ಕಠಿಣ. ತಟ್ಟೆಯನ್ನು ಗುರುತಿಸಲಾರದ ಕಣವೂ, ನಮ್ಮ ಸ್ವಂತ ಆರೋಗ್ಯವಂತ ಕಣಗಳ ಮೇಲೆಯೇ ಏರಿಹೋಗುವ ಕಣವೂ ಅಲ್ಲಿಯೇ ಸಾಯಬೇಕು. ನೂರರಲ್ಲಿ ಐದು ಕಣಗಳೂ ತೇರ್ಗಡೆಯಾಗಿ ಹೊರಬರುವುದು ಕಷ್ಟ. ಥೈಮಸ್ ದೊಡ್ಡದಾಗಿರುವುದು ಎಳೆಯ ವಯಸ್ಸಿನಲ್ಲಿ. ಪ್ರಾಯಕ್ಕೆ ಬಂದ ಮೇಲೆ ಅದು ವರ್ಷವರ್ಷವೂ ಕುಗ್ಗುತ್ತದೆ. ನಮ್ಮ ಶಾಲೆಯ ವಿದ್ಯಾರ್ಥಿಗಳೇ, ನಿಮ್ಮ ದೇಹದೊಳಗಿನ ಶಾಲೆ ಈಗ ಭರದಿಂದ ನಡೆಯುತ್ತಿದೆ!

ಕ್ಯಾನ್ಸರ್ ಕಣದಲ್ಲಿ ವಂಶವಾಹಿಗಳು ಕೆಟ್ಟಿರುವುದರಿಂದ ಅದರ ಅಡುಗೆಯಲ್ಲಿ ವ್ಯತ್ಯಾಸವಾಗುತ್ತದೆ. ಜಗಲಿಯ ತಟ್ಟೆಯಲ್ಲಿ ಎಂದೂ ಕಾಣದ ತುಣುಕು ಕಾಣಿಸುತ್ತದೆ. ಆ ತುಣುಕಿಗೆ ಬೀಗಕ್ಕೆ ಕೀಲಿಕೈಯಂತೆ ಹೊಂದುವ ಟಿ ಕಣ ಬಂದರೆ ಮುಂದಿನ ಕೆಲಸ ಪ್ರಾರಂಭವಾಗುತ್ತದೆ.

ಸಾವಿನ ಅಪ್ಪಣೆ

ಟಿ ಕಣವು ಕ್ಯಾನ್ಸರ್ ಕಣಕ್ಕೆ ಒತ್ತಿಕೊಂಡು ನಿಲ್ಲುತ್ತದೆ. ತನ್ನೊಳಗಿರುವ ವಿಷದ ಗುಳಿಗೆಗಳನ್ನು ಆ ಬದಿಗೆ ಸಾಗಿಸಿ, ಎರಡರ ನಡುವಿನ ಸಣ್ಣ ಎಡೆಗೆ ಸುರಿಯುತ್ತದೆ. ಗುಳಿಗೆಗಳಲ್ಲಿ ಮುಖ್ಯವಾಗಿ ಎರಡು ಪದಾರ್ಥಗಳಿವೆ. ಮೊದಲನೆಯದು ಪರ್ಫೋರಿನ್. ಇದರ ಅಣುಗಳು ಬಳೆಯಂತೆ ಕೂಡಿಕೊಂಡು ಕ್ಯಾನ್ಸರ್ ಕಣದ ಪೊರೆಯಲ್ಲಿ ತೂತು ಮಾಡುತ್ತವೆ. ಎರಡನೆಯದು ಗ್ರಾನ್‌ಜೈಮ್, ಪ್ರೋಟೀನುಗಳನ್ನು ಕತ್ತರಿಸುವ ಕತ್ತಿ. ಪರ್ಫೋರಿನ್ ಬಾಗಿಲು ತೆರೆಯುತ್ತದೆ, ಗ್ರಾನ್‌ಜೈಮ್ ಒಳಗೆ ಹೋಗುತ್ತದೆ.

ಒಳಗೆ ಹೋದ ಈ ಕತ್ತಿ ಮನೆಯನ್ನೆಲ್ಲ ತಾನೇ ಕಡಿದು ಹಾಕುವುದಿಲ್ಲ. ಆ ಕಣದೊಳಗೆ ಕ್ಯಾಸ್ಪೇಸ್ ಎಂಬ ಬೇರೆ ಕತ್ತಿಗಳು ಒರೆಯಲ್ಲಿ ಮಲಗಿರುತ್ತವೆ. ಇವೇ ನಾವು ಹಿಂದೆ ಹೇಳಿದ ಸಲಕರಣೆ. ಗ್ರಾನ್‌ಜೈಮ್ ಒರೆಯನ್ನು ಕತ್ತರಿಸಿ ಕ್ಯಾಸ್ಪೇಸುಗಳನ್ನು ಎಚ್ಚರಿಸುತ್ತದೆ. ಕಣಕ್ಕೆ ಶಕ್ತಿ ಕೊಡುವ ಮೈಟೋಕಾಂಡ್ರಿಯಗಳಲ್ಲಿಯೂ ತೂತು ಬೀಳುವಂತೆ ಮಾಡಿ, ಅಲ್ಲಿಂದ ಸೋರುವ ಪದಾರ್ಥದಿಂದ ಇನ್ನಷ್ಟು ಕ್ಯಾಸ್ಪೇಸುಗಳು ಏಳುವಂತೆ ಮಾಡುತ್ತದೆ. ಆ ಬಳಿಕ ಕಣವು ತನ್ನ ಕತ್ತಿಗಳಿಂದಲೇ ತಾನು ತುಂಡಾಗಿ, ಹಣ್ಣೆಲೆಯಂತೆ ಉದುರುತ್ತದೆ. ಟಿ ಕಣವು ಅದನ್ನು ನೋಡುತ್ತ ನಿಲ್ಲುವುದಿಲ್ಲ. ಅಪ್ಪಣೆ ಕೊಟ್ಟು ಕೆಲವು ನಿಮಿಷಗಳಲ್ಲಿ ಬಿಡಿಸಿಕೊಂಡು ಮುಂದಿನ ಜಗಲಿಗೆ ಹೋಗುತ್ತದೆ. ಒಂದೇ ಟಿ ಕಣವು ಹೀಗೆ ಹಲವು ಕಣಗಳನ್ನು ಕೊಲ್ಲಬಲ್ಲದು.

ಇನ್ನೊಂದು ದಾರಿಯೂ ಇದೆ. ಹಲವು ಕಣಗಳ ಹೊರಮೈಯಲ್ಲಿ ಫ್ಯಾಸ್ ಎಂಬ ಪ್ರೋಟೀನು ಇರುತ್ತದೆ. ಅದು ಮನೆಯ ಬಾಗಿಲಲ್ಲಿ ತೂಗುಹಾಕಿದ ಗಂಟೆಯಿದ್ದಂತೆ. ಟಿ ಕಣದ ಮೈಮೇಲಿನ ಜೊತೆ ಪ್ರೋಟೀನು ಆ ಗಂಟೆಯನ್ನು ಮುಟ್ಟಿದರೆ, ಯಾವ ಕತ್ತಿಯೂ ಒಳಗೆ ಹೋಗದೆ ಕ್ಯಾಸ್ಪೇಸುಗಳು ಏಳುತ್ತವೆ.

ಬರಿದಾದ ಜಗಲಿ

ಕಳ್ಳನು ಜಾಣನಾಗಿದ್ದರೆ ಏನು ಮಾಡುವನು? ಜಗಲಿಯಲ್ಲಿ ತಟ್ಟೆಯನ್ನೇ ಇಡುವುದಿಲ್ಲ. ಎಷ್ಟೋ ಕ್ಯಾನ್ಸರ್ ಕಣಗಳು ಹೀಗೆಯೇ ಮಾಡುತ್ತವೆ. ತಟ್ಟೆಯಿಲ್ಲದಿದ್ದರೆ ಟಿ ಕಣಕ್ಕೆ ಏನೂ ಕಾಣಿಸದು. ಇದಕ್ಕೂ ದೇಹದಲ್ಲಿ ಒಂದು ಉತ್ತರವಿದೆ. 1975ರಲ್ಲಿ ಸ್ವೀಡನ್ನಿನ ರಾಲ್ಫ್ ಕೀಸ್ಲಿಂಗ್ ಮೊದಲಾದವರೂ ಅಮೆರಿಕದ ರೊನಾಲ್ಡ್ ಹರ್ಬರ್ಮನ್ ಮತ್ತು ಸಂಗಡಿಗರೂ ಬೇರೆಯೇ ಒಂದು ಕಾವಲು ಕಣವನ್ನು ವರದಿ ಮಾಡಿದರು. ಅದರ ಹೆಸರು ಸಹಜ ಕೊಲೆಗಾರ ಕಣ. ಇದರ ಕ್ರಮ ತಲೆಕೆಳಗು: ಜಗಲಿಯಲ್ಲಿ ಎಂದಿನ ತಟ್ಟೆ ಕಂಡರೆ ಸುಮ್ಮನೆ ಮುಂದೆ ಹೋಗುತ್ತದೆ, ತಟ್ಟೆ ಕಾಣೆಯಾಗಿ, ಕಣವು ಸಂಕಟದಲ್ಲಿರುವ ಗುರುತುಗಳೂ ಕಂಡರೆ ಕೊಲ್ಲುತ್ತದೆ. ಕೊಲ್ಲುವ ಸಾಧನಗಳು ಮಾತ್ರ ಅವೇ: ಪರ್ಫೋರಿನ್, ಗ್ರಾನ್‌ಜೈಮ್, ಗಂಟೆ.

ಹಾಗಾದರೆ ಸೋಲುವುದೇಕೆ?

ಹುಡುಗನ ಪ್ರಶ್ನೆಗೆ ಈಗ ಬಂದೆವು. ಕಾವಲುಗಾರರು ನಿದ್ರಿಸುತ್ತಿರಲಿಲ್ಲ. ಅವರು ಎಷ್ಟೋ ಕೆಟ್ಟ ಕಣಗಳನ್ನು ನಮಗೆ ಗೊತ್ತಾಗದಂತೆ ಮುಗಿಸಿರಬಹುದು. ಮೂತ್ರಪಿಂಡ ಕಸಿ ಮಾಡಿಸಿಕೊಂಡು, ಹೊಸ ಅಂಗವನ್ನು ಉಳಿಸಿಕೊಳ್ಳಲು ಈ ಕಾವಲನ್ನು ತಗ್ಗಿಸುವ ಮದ್ದು ತಿನ್ನುವವರಲ್ಲಿ ಕೆಲವು ಬಗೆಯ ಕ್ಯಾನ್ಸರುಗಳು ಹೆಚ್ಚು. ಕಾವಲು ಕೆಲಸ ಮಾಡುತ್ತಿದೆ ಎಂಬುದಕ್ಕೆ ಇದೇ ಸಾಕ್ಷಿ.

ಆದರೆ ಸಾವಿರ ಕಣಗಳು ಸತ್ತರೂ ತಪ್ಪಿಸಿಕೊಂಡ ಒಂದು ಉಳಿದರೆ ಅದರ ಸಂತಾನ ಬೆಳೆಯುತ್ತದೆ. ತಪ್ಪಿಸಿಕೊಳ್ಳುವ ಬಗೆಗಳು ಹಲವು. ತಟ್ಟೆಯನ್ನು ಅಡಗಿಸುವುದು ಒಂದು. ಒಳಗಿನ ಕಳಚುವ ಸಲಕರಣೆಯನ್ನೇ ಕೆಡಿಸಿಕೊಳ್ಳುವುದು ಇನ್ನೊಂದು; ಆಗ ಅಪ್ಪಣೆ ಬಂದರೂ ಅದು ನಡೆಯುವುದಿಲ್ಲ. ಮೂರನೆಯದು ಸುಳ್ಳು ರಹದಾರಿ. ಕಾವಲು ಕಣಗಳು ಹದ್ದುಮೀರದಂತೆ ಅವುಗಳ ಮೈಯಲ್ಲಿ ತಡೆಗಳಿವೆ. ಅವುಗಳಲ್ಲೊಂದು ಪಿ.ಡಿ.-1. ಕ್ಯಾನ್ಸರ್ ಕಣವು ಈ ತಡೆಗೆ ಹೊಂದುವ ಪ್ರೋಟೀನನ್ನು ಮುಂದೊಡ್ಡಿದರೆ ಟಿ ಕಣದ ಕೈ ಕಟ್ಟಿದಂತಾಗುತ್ತದೆ.

ಇದು ರೋಗಿಯ ಪಾಪದ ಫಲವಲ್ಲ, ಮನೆಯವರು ಆರೈಕೆಯಲ್ಲಿ ಕಡಿಮೆ ಮಾಡಿದುದರ ಫಲವೂ ಅಲ್ಲ. ರಾಲ್ಫ್ ಸ್ಟೈನ್‌ಮನ್ ಎಂಬ ವಿಜ್ಞಾನಿ ಟಿ ಕಣಗಳಿಗೆ ವೈರಿಯ ಗುರುತನ್ನು ಕಲಿಸಿಕೊಡುವ ಕಣಗಳನ್ನು ಕಂಡುಹಿಡಿದವರು. ಅವರಿಗೇ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಬಂತು. ತಮ್ಮ ಸಂಶೋಧನೆಯನ್ನು ತಮ್ಮ ದೇಹದ ಮೇಲೆಯೇ ಪ್ರಯೋಗಿಸಿಕೊಂಡರು. 2011ರ ಸೆಪ್ಟೆಂಬರ್ 30ರಂದು ತೀರಿಕೊಂಡರು. ಮೂರು ದಿನಗಳ ಬಳಿಕ, ಅವರ ಸಾವಿನ ಸುದ್ದಿ ತಿಳಿಯದೆ, ನೊಬೆಲ್ ಸಮಿತಿಯು ಅವರ ಹೆಸರನ್ನು ಸಾರಿತು. ಅಷ್ಟು ಬಲ್ಲವರನ್ನೂ ಈ ರೋಗ ಬಿಡಲಿಲ್ಲ. ಹೀಗಿರಲು, "ಅಜ್ಜಿಯನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ" ಎಂದು ಯಾರೂ ಯಾರನ್ನೂ ದೂರಬೇಕಾಗಿಲ್ಲ.

ಕಾವಲಿಗೆ ನೆರವು

ಅಮೆರಿಕದ ಜೇಮ್ಸ್ ಆಲಿಸನ್, ಜಪಾನಿನ ತಾಸುಕು ಹೊಂಜೊ ಇವರು ಟಿ ಕಣಗಳ ಮೇಲಿನ ತಡೆಗಳನ್ನು ಅಭ್ಯಸಿಸಿ, ಆ ತಡೆಯನ್ನು ಮುಚ್ಚುವ ಮದ್ದುಗಳಿಗೆ ದಾರಿ ಮಾಡಿದರು. ಇಂತಹ ಮೊದಲ ಮದ್ದಿಗೆ ಅಮೆರಿಕದಲ್ಲಿ 2011ರಲ್ಲಿ ಒಪ್ಪಿಗೆ ಸಿಕ್ಕಿತು. 2018ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಬಂತು. ಇನ್ನೊಂದು ಚಿಕಿತ್ಸೆಯಲ್ಲಿ ರೋಗಿಯ ಟಿ ಕಣಗಳನ್ನು ಹೊರತೆಗೆದು, ಕ್ಯಾನ್ಸರ್ ಕಣವನ್ನು ತಟ್ಟೆಯ ನೆರವಿಲ್ಲದೆ ಗುರುತಿಸುವ ಹೊಸ ಕಣ್ಣನ್ನು ಅವುಗಳಿಗೆ ಕೊಟ್ಟು, ಮತ್ತೆ ದೇಹಕ್ಕೆ ಸೇರಿಸುತ್ತಾರೆ. ಮುಂಬಯಿಯ ಐ.ಐ.ಟಿ. ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯವರು ಸೇರಿ ರೂಪಿಸಿದ, ಭಾರತದ್ದೇ ಆದ ಇಂತಹ ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಒಪ್ಪಿಗೆ ದೊರೆಯಿತು. ಅದು ರಕ್ತದ ಕೆಲವು ಬಗೆಯ ಕ್ಯಾನ್ಸರುಗಳಿಗೆ.

ಇವು ಎಲ್ಲರಿಗೂ, ಎಲ್ಲ ಕ್ಯಾನ್ಸರುಗಳಿಗೂ ಒದಗುವ ಮದ್ದುಗಳಲ್ಲ. ಖರ್ಚು ಬಹಳ, ತಡೆ ಬಿಟ್ಟ ಕಾವಲು ಕಣಗಳು ಆರೋಗ್ಯವಂತ ಅಂಗಗಳನ್ನೇ ಕಡಿಯುವ ಅಪಾಯವೂ ಇದೆ. ಶಸ್ತ್ರಚಿಕಿತ್ಸೆ, ವಿಕಿರಣ, ಔಷಧಗಳೇ ಈಗಲೂ ಹೆಚ್ಚಿನವರಿಗೆ ಆಧಾರ. ವಿಕಿರಣವೂ ಹಲವು ಔಷಧಗಳೂ ಕೊನೆಗೆ ಮಾಡುವುದು ಅದೇ ಒಳಗಿನ ಕ್ಯಾಸ್ಪೇಸುಗಳನ್ನು ಎಚ್ಚರಿಸುವ ಕೆಲಸವನ್ನು. "ರೋಗನಿರೋಧಕ ಶಕ್ತಿ ಹೆಚ್ಚಿಸಿ ಕ್ಯಾನ್ಸರ್ ಗುಣಪಡಿಸುವ ಪುಡಿ" ಎಂಬ ಜಾಹೀರಾತುಗಳನ್ನು ನಂಬಿ ಆಸ್ಪತ್ರೆಯ ಚಿಕಿತ್ಸೆಯನ್ನು ತಡಮಾಡಬಾರದು.

ನಮ್ಮ ಮನೆಗಳಲ್ಲಿ

ಈ ಹುಡುಗನ ಅಜ್ಜಿ ಎಲೆ, ಅಡಿಕೆ, ಹೊಗೆಸೊಪ್ಪು ತಿನ್ನುತ್ತಿದ್ದರು. ಕೆನ್ನೆಯ ಒಳಗಿನ ಹುಣ್ಣನ್ನು ಎಂಟು ತಿಂಗಳು ಯಾರಿಗೂ ಹೇಳಿರಲಿಲ್ಲ. ಮೊಮ್ಮಗನ ಪರೀಕ್ಷೆ ಮುಗಿಯಲಿ, ಮಗಳ ಮನೆಯ ಒಕ್ಕಲು ಆಗಲಿ ಎಂದು ಕಾದರು. ಹೆತ್ತವರು ಇದನ್ನು ಗಮನಿಸಬೇಕು. ಎರಡು ಮೂರು ವಾರಗಳಲ್ಲಿ ಮಾಗದ ಬಾಯಿಯ ಹುಣ್ಣು, ಬಿಳಿಯ ಅಥವಾ ಕೆಂಪು ಕಲೆ, ಬಾಯಿ ತೆರೆಯಲು ಕಷ್ಟ, ಎಲ್ಲಿಯಾದರೂ ಕಾಣುವ ಹೊಸ ಗಂತಿ, ಕಾರಣವಿಲ್ಲದ ರಕ್ತಸ್ರಾವ: ಇವು ಕಂಡರೆ ವೈದ್ಯರಿಗೆ ತೋರಿಸಬೇಕು. ನಮಗೆ ಮಂಗಳೂರೂ ದೂರವಲ್ಲ, ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರೂ ದೂರವಲ್ಲ. ಗಂತಿ ಸಣ್ಣದಿರುವಾಗ ಗುಣವಾಗುವ ಸಂಭವ ಹೆಚ್ಚು.

ಅಡಿಕೆಯ ಮಾತನ್ನು ಆಡಲು ನಮಗೆ ಸಂಕೋಚವಿದೆ. ನಮ್ಮ ಊರಿನ ಎಷ್ಟೋ ಮನೆಗಳ ಒಲೆ ಉರಿಯುವುದು ಅಡಿಕೆ ತೋಟದಿಂದ. ಆದರೂ, ಹೊಗೆಸೊಪ್ಪು ಸೇರದ ಬರಿಯ ಅಡಿಕೆಯನ್ನು ಜಗಿಯುವುದೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದೆ. ಗೊತ್ತಿದ್ದುದನ್ನು ಮಕ್ಕಳಿಂದ ಮುಚ್ಚಿಡುವುದು ಅಧ್ಯಾಪಕರ ಧರ್ಮವಲ್ಲ.

ಕೆಲವು ಕ್ಯಾನ್ಸರುಗಳನ್ನು ಚುಚ್ಚುಮದ್ದು ತಡೆಯುತ್ತದೆ. ಹೆಪಟೈಟಿಸ್ ಬಿ ಚುಚ್ಚುಮದ್ದು ಯಕೃತ್ತಿನ ಕ್ಯಾನ್ಸರನ್ನು ಕಡಿಮೆ ಮಾಡುತ್ತದೆ. ಗರ್ಭಕೊರಳಿನ ಕ್ಯಾನ್ಸರನ್ನು ತರುವ ವೈರಸ್ಸಿಗೂ ಚುಚ್ಚುಮದ್ದಿದೆ. ಹೆಣ್ಣುಮಕ್ಕಳಿಗೆ 9ರಿಂದ 14ರ ವಯಸ್ಸಿನಲ್ಲಿ ಕೊಡುವುದು ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತಾಯಂದಿರು ಇದನ್ನು ವೈದ್ಯರಲ್ಲಿ ವಿಚಾರಿಸಲಿ.

ಇಷ್ಟನ್ನು ಕೇಳಿದ ಮೇಲೆ ಹುಡುಗನು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ಕಾವಲುಗಾರರು ಇದ್ದರು, ಅವರಿಗೆ ಕಾಣಿಸಲಿಲ್ಲ. ನಮಗೂ ಕಾಣಿಸಲಿಲ್ಲ" ಎಂದನು. ಹೌದು. ಅಡಗಿಕೊಳ್ಳುವುದು ಆ ಕಣದ ಸ್ವಭಾವ. ಹೆಸರು ಹೇಳದೆ, ಹುಣ್ಣು ತೋರಿಸದೆ, ನಾವು ಅದಕ್ಕೆ ಅಡಗಲು ಇನ್ನಷ್ಟು ಜಾಗ ಕೊಡಬಾರದು. ಆ ಸಂಜೆ ಮನೆಗೆ ಹೋಗಿ ಅವನು ತನ್ನ ಅಜ್ಜನ ಬಾಯಿ ತೆರೆಸಿ ಟಾರ್ಚು ಹಾಕಿ ನೋಡಿದನಂತೆ. ಅಜ್ಜ ಮೊದಲು ಬೈದು, ಆಮೇಲೆ ಬಾಯಿ ತೆರೆದರಂತೆ.

ಅಭ್ಯಾಸ

1. ಅಪಘಾತದ ಸಾವಿಗೂ ಕ್ರಮಬದ್ಧ ಸಾವಿಗೂ ಇರುವ ವ್ಯತ್ಯಾಸವೇನು? ಒಂದೊಂದು ಉದಾಹರಣೆ ಕೊಡಿರಿ.
2. ಪರ್ಫೋರಿನ್, ಗ್ರಾನ್‌ಜೈಮ್, ಕ್ಯಾಸ್ಪೇಸ್ ಇವುಗಳ ಕೆಲಸಗಳನ್ನು ಅನುಕ್ರಮವಾಗಿ ಬರೆಯಿರಿ.
3. ಟಿ ಕಣಕ್ಕೆ ಕಾಣಿಸದ ಕ್ಯಾನ್ಸರ್ ಕಣವನ್ನು ಸಹಜ ಕೊಲೆಗಾರ ಕಣವು ಹೇಗೆ ಗುರುತಿಸುತ್ತದೆ?
4. ಕ್ಯಾನ್ಸರ್ ಕಣವು ಕಾವಲಿನಿಂದ ತಪ್ಪಿಸಿಕೊಳ್ಳುವ ಮೂರು ಬಗೆಗಳಾವುವು?
5. ಮನೆಯಲ್ಲಿ ಎಲೆ ಅಡಿಕೆ ತಿನ್ನುವ ಹಿರಿಯರೊಬ್ಬರಿಗೆ ಈ ಪಾಠವನ್ನು ಓದಿ ಹೇಳಿರಿ. ಅವರು ಕೇಳಿದ ಪ್ರಶ್ನೆಗಳನ್ನು ಬರೆದು ತನ್ನಿರಿ.